ಬಳ್ಳಾರಿ ಬಿಸಿಲಿನಿಂದ ಮೈನಸ್ 30ಕ್ಕೆ: ಚಳಿ ದೇಶಕ್ಕೆ ಓದಲು ಹೊರಟವರ ತಯಾರಿ

ಹೋದ ವಾರ ರಾಯಚೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಜನವರಿಗೆ ಅವನ ಕ್ಲಾಸ್ ಶುರು, ಹೋಗುತ್ತಿರುವುದು ಕೆನಡಾದ ವಿನ್ನಿಪೆಗ್‌ಗೆ. "ಚಿಕ್ಕಮ್ಮ, ಎರಡು ಸ್ವೆಟರ್ ತಗೊಂಡೀನಿ, ಒಂದು ಜರ್ಕಿನ್ ಐತಿ, ಸಾಕಾಗ್ತಾವಲ್ಲ?" ಅಂದ. ನಾನೂ ಬಳ್ಳಾರಿಯಿಂದ ಅದೇ ಊರಿಗೆ ಓದಲು ಹೋಗಿ ಎರಡು ಚಳಿಗಾಲ ಕಳೆದು ಬಂದವಳು. ಹೊರಡುವ ಮುಂಚೆ ನಾನು ಕೇಳಿದ್ದೂ ಇದೇ ಪ್ರಶ್ನೆ. ಅವತ್ತು ನನಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಅವನಿಗೆ ಒಂದೂವರೆ ಗಂಟೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಹೀಗೆ ಹೊರಟ ಮಕ್ಕಳು ಯಾರೇ ಇರಲಿ, ಓದಿಕೊಂಡು ಹೋಗಲಿ.

ಮೊದಲೇ ಒಂದು ಮಾತು. ನಾವು ಬಿಸಿಲಿನ ಜನ, ಚಳಿ ನಮಗೆ ಆಗಲ್ಲ ಅಂತ ಹೆದರಬೇಡಿ. ಮೇ ತಿಂಗಳಲ್ಲಿ 43 ಡಿಗ್ರಿ ಇದ್ದಾಗ ನಾವು ಏನು ಮಾಡುತ್ತೇವೆ? ಹನ್ನೆರಡರ ಮೇಲೆ ಹೊರಗೆ ಕಾಲಿಡುವುದಿಲ್ಲ, ತಲೆಗೆ ಟವೆಲ್ ಸುತ್ತುತ್ತೇವೆ, ನೀರಿನ ಬಾಟಲಿ ಇಲ್ಲದೆ ಬಸ್ ಹತ್ತುವುದಿಲ್ಲ, ಯಾರಿಗಾದರೂ ತಲೆ ತಿರುಗಿದರೆ ಮೊದಲು ನೆರಳಿಗೆ ಕರೆದುಕೊಂಡು ಹೋಗುತ್ತೇವೆ. ಇದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಲಿಲ್ಲ, ನೋಡಿ ನೋಡಿ ಬಂತು. ಬಿಸಿಲಿಗೆ ಕೊಡುವ ಮರ್ಯಾದೆಯನ್ನೇ ಚಳಿಗೂ ಕೊಡಿ. ಒಂದೇ ವ್ಯತ್ಯಾಸ, ಅಲ್ಲಿ ನೋಡಿ ಕಲಿಯುವಷ್ಟು ಟೈಮ್ ಸಿಗುವುದಿಲ್ಲ, ಆದ್ದರಿಂದ ಮೊದಲೇ ತಿಳಿದಿರಬೇಕು.

ಹಂತ 1: ಆ ಊರಿನ ಲೆಕ್ಕ ತಿಳಿಯಿರಿ

ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಗೆ ಇಳಿದರೆ ಅಜ್ಜಂದಿರು ಮಂಕಿ ಕ್ಯಾಪ್ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಾರೆ. ವಿನ್ನಿಪೆಗ್‌ನಲ್ಲಿ ಜನವರಿ ರಾತ್ರಿಗಳು ಸರಾಸರಿ ಮೈನಸ್ 20ರ ಆಸುಪಾಸು, ಮೈನಸ್ 30 ಮುಟ್ಟುವ ದಿನಗಳು ಪ್ರತಿ ವರ್ಷ ಬರುತ್ತವೆ. ನಿಮ್ಮ ಊರು ಟೊರೊಂಟೊ ಆದರೆ ಇಷ್ಟಿಲ್ಲ, ಬರ್ಲಿನ್ ಆದರೆ ಇನ್ನೂ ಕಡಿಮೆ. ಹೋಗುವ ಊರಿನ ಡಿಸೆಂಬರ್, ಜನವರಿ, ಫೆಬ್ರವರಿ ತಾಪಮಾನವನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಬಟ್ಟೆ ಖರೀದಿ ಆ ಲೆಕ್ಕದ ಮೇಲೆ ನಡೆಯಬೇಕೇ ಹೊರತು, ಬೇರೆ ಊರಲ್ಲಿರುವ ಸ್ನೇಹಿತ ಹೇಳಿದ ಅಂತಲ್ಲ.

ಇನ್ನೊಂದು ಲೆಕ್ಕ ಗಾಳಿಯದ್ದು. ಅಲ್ಲಿ ಹವಾಮಾನ ವರದಿಯಲ್ಲಿ ಎರಡು ಅಂಕಿ ಹೇಳುತ್ತಾರೆ. ಒಂದು ತಾಪಮಾನ, ಇನ್ನೊಂದು ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ಎಷ್ಟು ಚಳಿ ತಾಗುತ್ತದೆ ಅನ್ನುವುದು. ಮೈನಸ್ 20 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಮೈಗೆ ಅದು ಮೈನಸ್ 33. ನೀವು ನೋಡಬೇಕಾದ್ದು ಈ ಎರಡನೇ ಅಂಕಿ. ಕೆನಡಾದ ಹವಾಮಾನ ಇಲಾಖೆಯ ಪಟ್ಟಿ ಪ್ರಕಾರ ವಿಂಡ್ ಚಿಲ್ ಮೈನಸ್ 28ರಿಂದ 39ರ ನಡುವೆ ಇದ್ದರೆ ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಒಂದು ಬಸ್ಸು ತಪ್ಪಿ ಮುಂದಿನದಕ್ಕೆ ಕಾಯುವಷ್ಟು ಹೊತ್ತು, ಅಷ್ಟೇ.

ಅಮೆರಿಕಕ್ಕೆ ಹೋಗುವವರಿಗೆ ಫ್ಯಾರನ್‌ಹೀಟ್ ಗೊಂದಲ ಇರುತ್ತದೆ. 32 ಅಂದರೆ ನಮ್ಮ ಸೊನ್ನೆ, 0 ಅಂದರೆ ನಮ್ಮ ಮೈನಸ್ 18, ಮೈನಸ್ 40 ಎರಡರಲ್ಲೂ ಒಂದೇ. ಈ ಮೂರು ನೆನಪಿದ್ದರೆ ಸಾಕು.

ಹಂತ 2: ಊರು ಬಿಡುವ ಮುಂಚೆ

ಎರಡು ತಿಂಗಳು ಇರುವಾಗಲೇ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಅಷ್ಟು ಉತ್ತರದ ಊರುಗಳಲ್ಲಿ ಚಳಿಗಾಲದ ಬಿಸಿಲು ತೀರಾ ಓರೆಯಾಗಿ ಬೀಳುತ್ತದೆ, ಅದರಲ್ಲಿ ಚರ್ಮಕ್ಕೆ ವಿಟಮಿನ್ ಡಿ ತಯಾರಿಸಿಕೊಳ್ಳಲು ಆಗುವುದಿಲ್ಲ, ನಮ್ಮಂಥ ಕಂದು ಚರ್ಮಕ್ಕಂತೂ ಇನ್ನೂ ಕಷ್ಟ. ದೊಡ್ಡವರಿಗೆ ದಿನಕ್ಕೆ 600 ಐಯು ಬೇಕು ಅನ್ನುತ್ತದೆ ಕೆನಡಾದ ಆರೋಗ್ಯ ಇಲಾಖೆ. ಇಲ್ಲಿ ಮೆಡಿಕಲ್ ಶಾಪಲ್ಲಿ 60,000 ಐಯು ಪುಡಿ ಸುಲಭವಾಗಿ ಸಿಗುತ್ತದೆ ಅಂತ ಒಂದು ಡಬ್ಬಿ ಕಟ್ಟಿಕೊಂಡು ಹೋಗಿ ಮನಸ್ಸಿಗೆ ಬಂದಂತೆ ನುಂಗಬೇಡಿ, ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಮಾತ್ರ ತೆಗೆದುಕೊಳ್ಳಿ. ಅಸ್ತಮಾ ಇರುವವರು ಚಳಿ ಗಾಳಿಗೆ ಉಸಿರು ಕಟ್ಟುತ್ತದೆ ಅನ್ನುವುದನ್ನು ಮರೆಯಬೇಡಿ. ಇನ್ಹೇಲರ್ ಮತ್ತು ಚೀಟಿ ಎರಡೂ ಕೈಚೀಲದಲ್ಲಿರಲಿ.

ಇನ್ನು ಖರೀದಿ. ಇಲ್ಲಿಂದ ಒಯ್ಯಬೇಕಾದವು: ಥರ್ಮಲ್, ಅಂದರೆ ಮೈಗೆ ಅಂಟಿಕೊಳ್ಳುವ ಬೆಚ್ಚನೆ ಒಳಬಟ್ಟೆ, ಎರಡು ಮೂರು ಜೊತೆ, ಉಣ್ಣೆ ಸಾಕ್ಸ್ ನಾಲ್ಕು ಜೊತೆ, ಒಂದು ಉಣ್ಣೆ ಶಾಲು, ಒಂದು ಮಂಕಿ ಕ್ಯಾಪ್. ಮಂಕಿ ಕ್ಯಾಪ್ ನೋಡಿ ಬೇಡ ಅನ್ನಬೇಡಿ, ಕಿವಿ, ಕೆನ್ನೆ, ಕುತ್ತಿಗೆ ಮೂರನ್ನೂ ಒಟ್ಟಿಗೆ ಮುಚ್ಚುವಂಥದ್ದು ಇನ್ನೊಂದಿಲ್ಲ. ರಸ್ತೆ ಬದಿಯ ಸ್ವೆಟರ್ ಅಂಗಡಿಯಲ್ಲಿ ಉಣ್ಣೆ ಅಂತ ಮಾರುವುದರಲ್ಲಿ ಬಹಳಷ್ಟು ಅಕ್ರಿಲಿಕ್ ಇರುತ್ತದೆ. ಚೀಟಿ ಓದಿ ತಗೊಳ್ಳಿ.

ಇಲ್ಲಿ ಕೊಳ್ಳಬಾರದ್ದು ದಪ್ಪ ಜಾಕೆಟ್ ಮತ್ತು ಬೂಟು. ಮೈನಸ್ 30ಕ್ಕೆ ಆಗುವಂಥದ್ದು ನಮ್ಮ ಕಡೆ ಸಿಗುವುದಿಲ್ಲ, ನೋಡಲು ದಪ್ಪಗಿದ್ದ ಮಾತ್ರಕ್ಕೆ ಅದು ಬೆಚ್ಚಗಿರುವುದಿಲ್ಲ. ನಾನು ಆರು ಸಾವಿರ ಕೊಟ್ಟು ಇಲ್ಲೇ ಒಂದು ಜಾಕೆಟ್ ತಗೊಂಡಿದ್ದೆ. ಅಲ್ಲಿ ಅದು ಅಕ್ಟೋಬರ್ ತಿಂಗಳಿಗೆ ಮಾತ್ರ ಆಯಿತು.

ಆದರೆ ಅಕ್ಕನ ಮಗನ ಥರ ಜನವರಿಯಲ್ಲೇ ಇಳಿಯುವವರು ಹುಷಾರಾಗಿರಬೇಕು. ಅಂಥವರು ಹೇಗಾದರೂ ಒಂದು ಒಳ್ಳೆಯ ಜಾಕೆಟ್ ಹೊಂದಿಸಿಕೊಳ್ಳಿ, ಅಲ್ಲಿಂದ ರಜೆಗೆ ಬಂದವರ ಹತ್ತಿರ ಕೇಳಿದರೂ ಸರಿ. ಅದನ್ನು ದೊಡ್ಡ ಬ್ಯಾಗಿಗೆ ತುಂಬಬೇಡಿ. ಜಾಕೆಟ್, ಟೋಪಿ, ಕೈಗವಸು, ಉಣ್ಣೆ ಸಾಕ್ಸ್ ವಿಮಾನದಲ್ಲಿ ನಿಮ್ಮ ಜೊತೆಗೇ ಇರಬೇಕು. ದೊಡ್ಡ ಬ್ಯಾಗು ದಾರಿಯಲ್ಲಿ ಎಲ್ಲೋ ಉಳಿದು ಎರಡು ದಿನ ಬಿಟ್ಟು ಬರುವುದುಂಟು, ಆ ಎರಡು ದಿನ ನೀವು ಚಪ್ಪಲಿಯಲ್ಲಿ ಮೈನಸ್ 25ರಲ್ಲಿ ನಿಂತಿರಬಾರದು.

ಹಂತ 3: ಬಟ್ಟೆ ಹಾಕುವ ಕ್ರಮ

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕುರಿಗಾರರನ್ನು ನೆನಪಿಸಿಕೊಳ್ಳಿ. ಮಳೆ ಬಂದರೆ ಅವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹೊದ್ದುಕೊಂಡು ಕುರಿಗಳ ನಡುವೆ ನಿಂತಿರುತ್ತಾರೆ. ಕಂಬಳಿ ತೊಯ್ದು ಭಾರ ಆಗಿರುತ್ತದೆ, ಒಳಗೆ ಮೈ ಮಾತ್ರ ಬೆಚ್ಚಗಿರುತ್ತದೆ. ಉಣ್ಣೆಯ ಗುಣ ಅದು, ಒದ್ದೆ ಆದರೂ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಹಾಗಲ್ಲ. ಬೆವರು ಕುಡಿದು ಮೈಗೆ ಅಂಟಿಕೊಂಡು ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ನಮ್ಮ ಬಿಸಿಲಿಗೆ ಅದೇ ವರ, ಅಲ್ಲಿಯ ಚಳಿಗೆ ಅದೇ ಶತ್ರು.

ಬಳ್ಳಾರಿಯವಳಾಗಿ ಹೇಳಲು ಸಂಕಟ ಆಗುತ್ತದೆ, ಆದರೂ ಹೇಳುತ್ತೇನೆ: ಚಳಿಗೆ ಜೀನ್ಸ್ ಬೇಡ. ನಮ್ಮೂರಲ್ಲಿ ಮನೆ ಮನೆಯಲ್ಲಿ ಹೊಲಿಯುತ್ತಾರೆ, ನಾನೂ ಐದು ಜೀನ್ಸ್ ಒಯ್ದಿದ್ದೆ. ಮೊದಲ ಡಿಸೆಂಬರ್‌ನಲ್ಲಿ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ, ಬಸ್ಸು ಇಪ್ಪತ್ತು ನಿಮಿಷ ತಡ. ಹಿಮದಲ್ಲಿ ನಡೆದು ಪ್ಯಾಂಟಿನ ಕೆಳಭಾಗ ಒದ್ದೆಯಾಗಿತ್ತು. ಹತ್ತು ನಿಮಿಷದಲ್ಲಿ ಅದು ತಗಡಿನ ಹಾಗೆ ಸೆಟೆದು ನಿಂತಿತು, ಬೆರಳಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಮೊದಲು ತೊಡೆ ಉರಿಯಿತು, ಆಮೇಲೆ ಉರಿ ನಿಂತಿತು, ಅದು ಇನ್ನೂ ಕೆಟ್ಟದ್ದು ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ನನ್ನ ಕಿವಿ ನೋಡಿದವರೇ ತಮ್ಮ ಮಫ್ಲರ್ ತೆಗೆದು ನನ್ನ ತಲೆಗೆ ಸುತ್ತಿದರು. ಕಿವಿಯ ತುದಿ ಬೆಳ್ಳಗಾಗಿತ್ತಂತೆ. ಹೆಸರೂ ಕೇಳಲಿಲ್ಲ ನಾನು.

ಕ್ರಮ ಹೀಗೆ. ಒಳಗೆ ಥರ್ಮಲ್, ಉಣ್ಣೆಯದು ಇಲ್ಲವೇ ಪಾಲಿಯೆಸ್ಟರ್‌ದು, ಹತ್ತಿ ಬನಿಯನ್ ಬೇಡ. ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆ ಕೃತಕ ಬಟ್ಟೆಯದು ಅಥವಾ ಉಣ್ಣೆ ಸ್ವೆಟರ್. ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್, ಸೊಂಟದ ಕೆಳಗೂ ಬರುವಂಥದ್ದು, ಟೋಪಿ ಇರುವಂಥದ್ದು. ಕಾಲಿಗೂ ಎರಡು ಪದರ ಬೇಕು, ಥರ್ಮಲ್ ಮೇಲೆ ಗಾಳಿ ತಡೆಯುವ ಪ್ಯಾಂಟು. ಇಷ್ಟು ಹಾಕಿಕೊಂಡು ಕ್ಲಾಸಿನೊಳಗೆ ಹೋದ ಕೂಡಲೇ ಹೊರಗಿನ ಪದರ ತೆಗೆಯಿರಿ. ಒಳಗೆ 21, 22 ಡಿಗ್ರಿ ಇರುತ್ತದೆ, ಅಲ್ಲಿ ಬೆವತು ಮತ್ತೆ ಹೊರಗೆ ಹೋದರೆ ಆ ಬೆವರೇ ಮೈ ಕೊರೆಯುತ್ತದೆ.

ಹಂತ 4: ಅಲ್ಲಿ ಇಳಿದ ಮೊದಲ ವಾರ

ಸೆಪ್ಟೆಂಬರ್‌ನಲ್ಲಿ ಹೋದವರು ಅಕ್ಟೋಬರ್ ಒಳಗೇ ಖರೀದಿ ಮುಗಿಸಿ. ಚಳಿ ಬಿದ್ದ ಮೇಲೆ ಒಳ್ಳೆಯ ಸೈಜುಗಳೆಲ್ಲ ಖಾಲಿ ಆಗಿರುತ್ತವೆ. ದುಡ್ಡು ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ, ಕೆನಡಾದಲ್ಲಿ ವ್ಯಾಲ್ಯೂ ವಿಲೇಜ್ ಅಂತ ಇದೆ, ಸಾಲ್ವೇಶನ್ ಆರ್ಮಿಯ ಅಂಗಡಿಗಳಿವೆ. ಯಾರೋ ಹಾಕಿದ್ದು ಅಂತ ನಾಚಿಕೆ ಬೇಡ. ಓದು ಮುಗಿಸಿ ಹೋಗುವ ವಿದ್ಯಾರ್ಥಿಗಳೂ ಜಾಕೆಟ್ ಕೊಟ್ಟು ಹೋಗುತ್ತಾರೆ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿ.

ದುಡ್ಡು ಹಾಕುವುದಾದರೆ ಮೊದಲು ಬೂಟಿಗೆ ಹಾಕಿ. ನೀರು ಒಳಗೆ ಬರಬಾರದು, ಅಡಿ ದಪ್ಪಗಿರಬೇಕು, ಹಲ್ಲು ಆಳವಾಗಿರಬೇಕು. ಉಣ್ಣೆ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ, ಒಳಗೆ ಬೆರಳು ಆಡುವಷ್ಟು ಜಾಗ ಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಎರಡು ಸಾಕ್ಸ್ ತುರುಕಿದರೂ ಕಾಲು ತಣ್ಣಗೇ ಇರುತ್ತದೆ. ಕೈಗೆ ಐದು ಬೆರಳಿನ ಗ್ಲೌಸಿಗಿಂತ ನಾಲ್ಕು ಬೆರಳು ಒಂದೇ ಚೀಲದಲ್ಲಿ ಸೇರುವ ಮಿಟನ್ ಬೆಚ್ಚಗೆ, ಬೆರಳುಗಳು ಒಂದಕ್ಕೊಂದು ಶಾಖ ಕೊಡುತ್ತವೆ.

ಹಂತ 5: ರೂಮು

ಬಾಡಿಗೆ ಮಾತಾಡುವಾಗಲೇ ಹೀಟಿಂಗ್ ಖರ್ಚು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಕೇಳಿ. ಹೀಟರಿನ ಗುಂಡಿ ನಿಮ್ಮ ಕೈಯಲ್ಲಿದೆಯೋ ಮಾಲೀಕರ ಕೈಯಲ್ಲಿದೆಯೋ ಅದನ್ನೂ ಕೇಳಿ. ನಾನು ಕೇಳಿರಲಿಲ್ಲ. ಮೊದಲ ವರ್ಷ ನೆಲಮಾಳಿಗೆಯ ರೂಮಲ್ಲಿದ್ದೆ. ಗುಂಡಿ ಮೇಲಿನ ಮನೆಯಲ್ಲಿತ್ತು, ಮಾಲೀಕರು ರಾತ್ರಿ ಇಳಿಸಿಬಿಡುತ್ತಿದ್ದರು, ನಾನು ಜಾಕೆಟ್ ಹಾಕಿಕೊಂಡು ಮಲಗುತ್ತಿದ್ದೆ. ಬಾಯಿಬಿಟ್ಟು ಕೇಳಲು ಎರಡು ತಿಂಗಳು ಸಂಕೋಚಪಟ್ಟೆ. ನೀವು ಹಾಗೆ ಮಾಡಬೇಡಿ. ಬಹಳ ಊರುಗಳಲ್ಲಿ ಇದಕ್ಕೆ ನಿಯಮ ಇದೆ, ಟೊರೊಂಟೊದಲ್ಲಿ ಮಾಲೀಕರು ಹೀಟಿಂಗ್ ಕೊಡುವ ಬಾಡಿಗೆ ಮನೆ ಚಳಿಗಾಲದಲ್ಲಿ ಕನಿಷ್ಠ 21 ಡಿಗ್ರಿ ಇರಲೇಬೇಕು. ನಿಮ್ಮ ಊರಿನ ನಿಯಮ ತಿಳಿದುಕೊಂಡು, ಮರ್ಯಾದೆಯಿಂದ, ಬರಹದಲ್ಲಿ ಕೇಳಿ.

ಗೋಡೆ ಬುಡದಲ್ಲಿ ಹೀಟರ್ ಇದ್ದರೆ ಅದಕ್ಕೆ ಮಂಚ ಒತ್ತಿ ಹಾಕಬೇಡಿ, ಶಾಖ ಹೊರಗೆ ಬರುವುದಿಲ್ಲ, ಹಾಸಿಗೆಗೆ ಬೆಂಕಿ ತಗಲುವ ಭಯವೂ ಇದೆ. ಕಿಟಕಿಗೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅಂಟಿಸಿ ಹೇರ್ ಡ್ರೈಯರಿನಿಂದ ಬಿಸಿ ಗಾಳಿ ಕೊಟ್ಟರೆ ಬಿಗಿಯಾಗಿ ಕೂರುತ್ತದೆ. ಬಾಗಿಲ ಸಂದಿಗೆ ಹಳೇ ಟವೆಲ್ ಸುರುಳಿ ಸಾಕು. ಸಣ್ಣ ಕರೆಂಟ್ ಹೀಟರ್ ಇಟ್ಟುಕೊಂಡರೆ ಅದನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ. ಸುತ್ತ ಒಂದು ಮೀಟರ್ ಖಾಲಿ ಇರಲಿ, ಮಲಗುವಾಗ ಆರಿಸಿ.

ಇದರ ಮುಂದಿನ ಮಾತನ್ನು ದಯವಿಟ್ಟು ಎರಡು ಸಲ ಓದಿ. ಕರೆಂಟ್ ಹೋಯಿತು, ಚಳಿ ಆಗುತ್ತಿದೆ ಅಂತ ಗ್ಯಾಸ್ ಒಲೆ ಹಚ್ಚಿ ರೂಮು ಕಾಯಿಸಬೇಡಿ. ಇದ್ದಿಲ ಒಲೆ, ಬಾರ್ಬೆಕ್ಯೂ ಯಾವುದನ್ನೂ ಒಳಗೆ ತರಬೇಡಿ. ನಮ್ಮ ಮನೆಗಳಲ್ಲಿ ಬಾಣಂತಿಗೆ ಕೆಂಡ ಇಡುತ್ತಾರೆ, ಏನೂ ಆಗುವುದಿಲ್ಲ ಅನಿಸಬಹುದು. ನಮ್ಮ ಮನೆಗಳಿಗೆ ಹತ್ತು ಕಡೆ ಸಂದಿ, ಗಾಳಿ ಆಡುತ್ತದೆ. ಅಲ್ಲಿಯ ಮನೆಗಳು ಡಬ್ಬಿಯ ಹಾಗೆ ಮುಚ್ಚಿರುತ್ತವೆ. ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಗೆ ಲಕ್ಷಾಂತರ ಮನೆಗಳ ಕರೆಂಟ್ ಹೋದಾಗ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು, ಮನೆಯೊಳಗೆ ಇದ್ದಿಲು ಹಚ್ಚಿ ಜನ ಹೀಗೇ ತೀರಿಕೊಂಡರು. ಟೆಕ್ಸಾಸ್ ಅಂದರೆ ನಮ್ಮಂಥದೇ ಬಿಸಿಲಿನ ನಾಡು, ಅಲ್ಲಿಗೆ ಹೋಗುವವರು ಚಳಿ ಇಲ್ಲ ಅಂತ ಮೈಮರೆಯಬೇಡಿ. ರೂಮು ಸೇರಿದ ದಿನವೇ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ, ಕೆಲಸ ಮಾಡುತ್ತದಾ ನೋಡಿ.

ಹಂತ 6: ಹೊರಗೆ ಕಾಲಿಡುವಾಗ

ತಲೆಸ್ನಾನ ರಾತ್ರಿ ಮಾಡಿ. ನಾನು ಒಂದು ದಿನ ಬೆಳಗ್ಗೆ ಸ್ನಾನ ಮಾಡಿ ಹಸಿ ಕೂದಲಲ್ಲೇ ಜಡೆ ಹಾಕಿಕೊಂಡು ಹೊರಟಿದ್ದೆ, ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಜಡೆ ಕಟ್ಟಿಗೆಯಾಗಿತ್ತು. ಮೈನಸ್ 20ರಲ್ಲಿ ಉಸಿರೆಳೆದರೆ ಮೂಗಿನೊಳಗಿನ ಕೂದಲು ಅಂಟಂಟಾಗಿ ಕರಕರ ಅನ್ನುತ್ತದೆ. ಗಾಬರಿ ಬೇಡ, ಶಾಲು ಮೂಗಿನ ಮೇಲೆ ಎಳೆದುಕೊಂಡು ಅದರೊಳಗಿಂದ ಉಸಿರಾಡಿ.

ಬಸ್ಸಿನ ಟೈಮನ್ನು ಆ್ಯಪಿನಲ್ಲಿ ನೋಡಿ, ಬರುವುದಕ್ಕೆ ಮೂರು ನಿಮಿಷ ಇರುವಾಗ ಹೊರಗೆ ಬನ್ನಿ. ಫೋನನ್ನು ಒಳಗಿನ ಜೇಬಲ್ಲಿಡಿ, ಚಳಿಗೆ ಬ್ಯಾಟರಿ ನೋಡುನೋಡುತ್ತಲೇ ಸತ್ತುಹೋಗುತ್ತದೆ. ಪಕ್ಕದ ಅಂಗಡಿ ಅಷ್ಟೇ, ಎರಡು ನಿಮಿಷ, ಅಂತ ಸುಮ್ನೆ ಟೀ ಶರ್ಟಲ್ಲಿ ಓಡಬೇಡಿ. ಹಿಂದೆ ಬಾಗಿಲು ಲಾಕ್ ಆಗಿ ಕೀಲಿ ಒಳಗೇ ಉಳಿದರೆ ಏನು ಗತಿ?

ರಸ್ತೆ ಮೇಲೆ ಕಾಣದ ಮಂಜುಗಡ್ಡೆ ಇರುತ್ತದೆ, ನೋಡಲು ಒದ್ದೆ ಡಾಂಬರಿನ ಹಾಗೆ. ಹೆಜ್ಜೆ ಸಣ್ಣದಾಗಿಡಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿರಲಿ. ತುಂಗಭದ್ರೆ ದಂಡೆಯ ಪಾಚಿಗಲ್ಲಿನ ಮೇಲೆ ನಡೆದು ಗೊತ್ತಲ್ವಾ, ಹಾಗೇ ನಡೆಯಿರಿ.

ಚರ್ಮ ಒಣಗಿ ಬಿರಿಯುತ್ತದೆ, ಮೂಗಲ್ಲಿ ರಕ್ತವೂ ಬರಬಹುದು, ಹೀಟರಿನ ಗಾಳಿ ಅಷ್ಟು ಒಣ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿ ಆಗುವುದರಿಂದ ಬಾಟಲಿಯಲ್ಲಿ ಒಯ್ಯಬೇಡಿ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ತುಟಿಗೆ, ಮೂಗಿನ ಅಂಚಿಗೆ ವ್ಯಾಸಲಿನ್ ಸಾಕು. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ.

ಹಂತ 7: ಬಿರುಗಾಳಿಗೆ ದಾಸ್ತಾನು

ಹಿಮಗಾಳಿ ಬಂದರೆ ಎರಡು ಮೂರು ದಿನ ಹೊರಗೆ ಹೋಗಲು ಆಗದೆ ಇರಬಹುದು. 1998ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ಸುತ್ತ ಬಿದ್ದಲ್ಲೇ ಮಂಜುಗಡ್ಡೆಯಾಗುವ ಮಳೆ ಸುರಿದು ಕರೆಂಟ್ ಕಂಬಗಳೇ ಉರುಳಿ, ಕೆಲವು ಕಡೆ ವಾರಗಟ್ಟಲೆ ಕತ್ತಲೆ. 72 ಗಂಟೆ ಯಾರ ಸಹಾಯವೂ ಇಲ್ಲದೆ ಇರುವಷ್ಟು ಸಾಮಾನು ಇಟ್ಟುಕೊಳ್ಳಿ ಅಂತ ಅಲ್ಲಿಯ ಸರ್ಕಾರವೇ ಹೇಳುತ್ತದೆ. ಕುಡಿಯಲು ದಿನಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ನೀರು, ಟಾರ್ಚ್, ಸೆಲ್ಲು, ಚಾರ್ಜ್ ಮಾಡಿದ ಪವರ್ ಬ್ಯಾಂಕ್, ಔಷಧಿ, ಒಂದಿಷ್ಟು ಚಿಲ್ಲರೆ ದುಡ್ಡು.

ಊಟದ ವಿಷಯದಲ್ಲಿ ನಮ್ಮವರಷ್ಟು ಅದೃಷ್ಟವಂತರು ಯಾರೂ ಇಲ್ಲ. ಅಲ್ಲಿಯವರು ಡಬ್ಬಿಯಲ್ಲಿರುವ ಬೀನ್ಸ್ ಕೂಡಿಡುತ್ತಾರೆ. ನಮಗೆ ಖಡಕ್ ರೊಟ್ಟಿ ಇದೆ! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೆಳ್ಳಗೆ ತಟ್ಟಿದ ಜೋಳದ ರೊಟ್ಟಿ, ಗಾಳಿ ಆಡದ ಹಾಗೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಒಲೆ ಬೇಡ, ಕರೆಂಟ್ ಬೇಡ, ನೀರೂ ಬೇಡ. ನನ್ನ ಎರಡನೇ ಚಳಿಗಾಲದಲ್ಲಿ ಒಂದು ಸಲ ಹದಿನೆಂಟು ಗಂಟೆ ಕರೆಂಟ್ ಇರಲಿಲ್ಲ. ರೂಮಿನ ಮೂವರೂ ಒಂದೇ ಕೋಣೆಯಲ್ಲಿ ಇದ್ದಬದ್ದ ರಜಾಯಿ ಹೊದ್ದು ಕೂತು ರೊಟ್ಟಿ ಮುರಿದು ತಿಂದೆವು. ಒಬ್ಬಳು ಕೊಲಂಬಿಯಾದವಳು, ಅವಳಿಗೆ ಗುರೆಳ್ಳು ಪುಡಿ ಎಷ್ಟು ಹಿಡಿಸಿತು ಅಂದರೆ ಆಮೇಲೆ ನಮ್ಮಮ್ಮನಿಗೆ ಫೋನಲ್ಲಿ ಕೈಮುಗಿದಳು. ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ತಿನ್ನುವ ಸಾಮಾನು ಇದೆ ಅಂತ ಹೇಳಿಬಿಡಿ, ಮುಚ್ಚಿಡಬೇಡಿ.

ನಲ್ಲಿಯ ಪೈಪು ಹೆಪ್ಪುಗಟ್ಟಿ ಒಡೆಯದಂತೆ ತೀರಾ ಚಳಿ ಇರುವ ರಾತ್ರಿ ಸಣ್ಣಗೆ ನೀರು ಹನಿಯಲು ಬಿಡಿ. ರಜೆಗೆ ಊರಿಗೆ ಹೋಗುವಾಗಲೂ ಹೀಟಿಂಗ್ ಪೂರ್ತಿ ಆರಿಸಬೇಡಿ, 13 ಡಿಗ್ರಿಗಾದರೂ ಇಟ್ಟು ಹೋಗಿ.

ಸ್ನೇಹಿತರ ಕಾರಲ್ಲಿ ಹೋಗುವಾಗ ಹಿಮದಲ್ಲಿ ಸಿಕ್ಕಿಬಿದ್ದರೆ ಇಳಿದು ನಡೆಯಬೇಡಿ, ಕಾರಲ್ಲೇ ಇದ್ದು ಅಲ್ಲಿಯ ತುರ್ತು ಸಹಾಯದ ನಂಬರ್ 911ಗೆ ಫೋನ್ ಮಾಡಿ. ಹೊಗೆ ಕೊಳವೆಗೆ ಮುಚ್ಚಿದ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಆಗ ಕಿಟಕಿ ಸ್ವಲ್ಪ ತೆರೆದಿರಲಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಬಫಲೋದಲ್ಲಿ ಬಂದ ಹಿಮಗಾಳಿಗೆ ಕಾರುಗಳಲ್ಲೇ ಸಿಕ್ಕಿಬಿದ್ದು ಸತ್ತವರಿದ್ದಾರೆ. ಹೊರಡಬೇಡಿ ಅಂತ ಎಚ್ಚರಿಕೆ ಬಂದ ದಿನ ಹೊರಡಲೇಬಾರದು.

ಹಂತ 8: ಮೈ ಹೇಳುವುದನ್ನು ಕೇಳಿ

ಬೆರಳು, ಮೂಗು, ಕಿವಿ, ಕೆನ್ನೆ ಮೊದಲು ಚುಚ್ಚಿದಂತೆ ನೋಯುತ್ತವೆ. ನೋವು ನಿಂತು, ಜೋಮು ಹಿಡಿದು, ಚರ್ಮ ಬಿಳಿಚಿಕೊಂಡರೆ ಅದು ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಶುರು. ನಮ್ಮ ಚರ್ಮದ ಮೇಲೆ ಬೂದಿ ಬಣ್ಣವಾಗಿಯೂ ಕಾಣಬಹುದು. ಒಳಗೆ ಹೋಗಿ. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ, ಜೋಮು ಹಿಡಿದ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಮಗುವಿಗೆ ಸ್ನಾನ ಮಾಡಿಸುವಷ್ಟು ಉಗುರುಬೆಚ್ಚಗಿನ ನೀರಲ್ಲಿ, ಅಂದರೆ 37ರಿಂದ 39 ಡಿಗ್ರಿ, ಅದ್ದಿಡಿ. ಬಣ್ಣ ಮರಳದಿದ್ದರೆ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗಿ.

ಜೊತೆಗಿರುವವರು ವಿಪರೀತ ನಡುಗುತ್ತಿದ್ದರೆ, ಮಾತು ತೊದಲಿದರೆ, ಜಾಕೆಟ್ಟಿನ ಜಿಪ್ ಹಾಕಲೂ ಕೈ ಬಾರದಿದ್ದರೆ, ಮಂಕಾಗಿ ಕೂತುಬಿಟ್ಟರೆ ಅದು ಹೈಪೋಥರ್ಮಿಯಾ, ಮೈಯ ಶಾಖ 35 ಡಿಗ್ರಿಗಿಂತ ಕೆಳಗೆ ಇಳಿದಿದೆ ಅಂತ ಅರ್ಥ. 911ಗೆ ಫೋನ್ ಮಾಡಿ, ಜರ್ಮನಿಯಲ್ಲಾದರೆ 112. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ, ಮೊದಲು ಎದೆ, ಕುತ್ತಿಗೆ ಬೆಚ್ಚಗೆ ಮಾಡಿ. ಎಚ್ಚರ ಇದ್ದರೆ ಬಿಸಿ ಚಹಾ ಕೊಡಿ. ಒಂದು ಪೆಗ್ ಹಾಕಿದರೆ ಚಳಿ ಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕುಡಿದರೆ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತದೆ.

ಹಂತ 9: ನಾಲ್ಕೂವರೆಗೇ ಕತ್ತಲೆ

ಇದನ್ನು ಯಾರೂ ಹೇಳಿರಲಿಲ್ಲ ನನಗೆ. ಡಿಸೆಂಬರ್‌ನಲ್ಲಿ ವಿನ್ನಿಪೆಗ್‌ಗೆ ಬೆಳಕು ಹರಿಯುವುದು ಎಂಟರ ಮೇಲೆ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತದೆ. ಎರಡು ವಾರ ಹೀಗೇ ಕಳೆದರೆ ಏಳಲು ಮನಸ್ಸಾಗುವುದಿಲ್ಲ, ಅಡುಗೆ ಬೇಡ, ಮಾತು ಬೇಡ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೆಳಕಿಲ್ಲದೆ ಎಷ್ಟೋ ಜನರಿಗೆ ಹೀಗೆ ಆಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಪದರ ಪದರ ಬಟ್ಟೆ ಹಾಕಿಕೊಂಡು ನಡೆಯಿರಿ. ಕಾಲೇಜಿನ ಕೌನ್ಸೆಲಿಂಗ್‌ಗೆ ಹೋಗಿ. ಬದುಕೇ ಬೇಡ ಅನಿಸಿದರೆ ಕೆನಡಾ, ಅಮೆರಿಕ ಎರಡೂ ಕಡೆ 988ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಮನೆಗೆ ಫೋನ್ ಮಾಡುವ ಟೈಮ್ ಒಂದು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ವಿನ್ನಿಪೆಗ್‌ಗಿಂತ ನಾವು ಹನ್ನೊಂದೂವರೆ ಗಂಟೆ ಮುಂದೆ, ಅಲ್ಲಿ ರಾತ್ರಿ ಎಂಟು ಅಂದರೆ ಬಳ್ಳಾರಿಯಲ್ಲಿ ಬೆಳಗ್ಗೆ ಏಳೂವರೆ. ನಮ್ಮಮ್ಮ ಆ ಹೊತ್ತಿಗೆ ಫೋನನ್ನು ಅಂಗಳದ ಕಡೆ ತಿರುಗಿಸಿ ಇಡುತ್ತಿದ್ದಳು, ತುಳಸಿ ಕಟ್ಟೆ ಮೇಲೆ ಬಿಸಿಲು ಬಿದ್ದಿರುವುದು ನನಗೆ ಕಾಣಲಿ ಅಂತ. ಅಕ್ಕನಿಗೂ ಹಾಗೇ ಮಾಡು ಅಂತ ಹೇಳಿದ್ದೇನೆ.

ಮಾರ್ಚ್‌ನಲ್ಲಿ ಹಿಮ ಕರಗಲು ಶುರುವಾದಾಗ ಬೂಟು, ಜಾಕೆಟ್ ಕಟ್ಟಿ ಮೇಲಿಡಬೇಡಿ. ಏಪ್ರಿಲ್‌ನಲ್ಲೂ ಒಂದೆರಡು ಸಲ ಬೀಳುತ್ತದೆ.